46 ಸೀಟು ಇಟ್ಟುಕೊಂಡು ದೇವೇಗೌಡರು ಪ್ರಧಾನಿ ಆಗಿದ್ದು ಹೇಗೆ?

ಪ್ರಶ್ನೆ: 1996ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಗೆ 161, ಕಾಂಗ್ರೆಸ್‌ಗೆ 140 ಸೀಟು. ಜನತಾದಳಕ್ಕೆ ಬಂದಿದ್ದು ಬರೀ 46. ಆದರೂ ದೇವೇಗೌಡರು ಪ್ರಧಾನಿ ಆದರು. ಇದು ಅದೃಷ್ಟ ಅಲ್ವಾ?

ಉತ್ತರ: ಅದೃಷ್ಟವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿದರೆ ಆ ಮೇ ತಿಂಗಳ ಲೆಕ್ಕ ತಿಳಿಯುವುದೇ ಇಲ್ಲ.

ದೊಡ್ಡ ಪಕ್ಷದವರೇ ಪ್ರಧಾನಿ ಆಗಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. 543ರ ಸದನದಲ್ಲಿ 272 ಜನ ಯಾರ ಕಡೆ ನಿಲ್ಲುತ್ತಾರೆ, ಅಷ್ಟೇ ಮುಖ್ಯ. ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ಮೊದಲು ಕರೆದದ್ದು ವಾಜಪೇಯಿ ಅವರನ್ನೇ. ಮೇ 16ಕ್ಕೆ ಪ್ರಮಾಣವಚನ ಆಯಿತು. ಶಿವಸೇನೆ, ಅಕಾಲಿ ದಳ, ಸಮತಾ ಪಕ್ಷ ಜೊತೆಗಿದ್ದರೂ ಸಂಖ್ಯೆ 200ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಮೇ 28ಕ್ಕೆ, ವಿಶ್ವಾಸಮತವನ್ನು ಮತಕ್ಕೆ ಹಾಕುವ ಮೊದಲೇ, ಅವರು ರಾಜೀನಾಮೆ ಕೊಟ್ಟರು.

ಹಾಗಾದರೆ 140 ಸೀಟಿನ ಕಾಂಗ್ರೆಸ್ ಯಾಕೆ ಮುಂದೆ ಬರಲಿಲ್ಲ? ಆಗಷ್ಟೇ ಸೋತಿತ್ತು. ಜೊತೆಗೆ ಆಂಧ್ರದಲ್ಲಿ ತೆಲುಗುದೇಶಂನ ಚಂದ್ರಬಾಬು ನಾಯ್ಡು, ಬಂಗಾಳದಲ್ಲಿ ಎಡಪಕ್ಷಗಳು, ಕರ್ನಾಟಕದಲ್ಲಿ ಜನತಾದಳ, ಇವರೆಲ್ಲ ಊರೂರಲ್ಲಿ ಹೊಡೆದಾಡಿದ್ದೇ ಕಾಂಗ್ರೆಸ್ ಜೊತೆ. ಅದರ ಕೈಕೆಳಗೆ ಕೂರಲು ಅವರು ತಯಾರಿರಲಿಲ್ಲ, ಬಿಜೆಪಿ ಬರುವುದೂ ಬೇಡವಾಗಿತ್ತು. ಹಾಗಾಗಿ 13 ಪಕ್ಷಗಳು ಸೇರಿ ಸಂಯುಕ್ತ ರಂಗ ಮಾಡಿಕೊಂಡವು, ಕಾಂಗ್ರೆಸ್ ಮಂತ್ರಿಗಿರಿ ತೆಗೆದುಕೊಳ್ಳದೆ ಹೊರಗಿನಿಂದ ಬೆಂಬಲ ಕೊಟ್ಟಿತು.

ಇನ್ನು ಹೆಸರು. ನಿಜವಾದ ಕಥೆ ಇರುವುದು ಇಲ್ಲೇ. ಮಾಜಿ ಪ್ರಧಾನಿ ವಿ.ಪಿ. ಸಿಂಗ್ ಅವರನ್ನು ಕೇಳಿದರು, ಅವರು ಒಪ್ಪಲಿಲ್ಲ. ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅಂದಾಗ ರಂಗದವರೆಲ್ಲ ಸರಿ ಅಂದರು, ಆದರೆ ಬೇಡ ಅಂದಿದ್ದು ಅವರದೇ ಪಕ್ಷ, ಸಿಪಿಎಂ ಕೇಂದ್ರ ಸಮಿತಿ. ಅದನ್ನು ಬಸು ಆಮೇಲೆ ಚಾರಿತ್ರಿಕ ಪ್ರಮಾದ ಅಂತಲೇ ಕರೆದರು. ಜನತಾದಳದೊಳಗೆ ಬಿಹಾರದಿಂದ 22 ಸಂಸದರು ಬಂದಿದ್ದರು, ಕರ್ನಾಟಕಕ್ಕಿಂತ ಜಾಸ್ತಿ. ಆದರೆ ಅಲ್ಲಿನ ಮುಖ್ಯಮಂತ್ರಿಯಾಗಿದ್ದ ಲಾಲು ಪ್ರಸಾದ್ ಅವರ ಬೆನ್ನಿಗೆ ಮೇವು ಹಗರಣ ಬಿದ್ದಿತ್ತು. ಉಳಿದವರಲ್ಲಿ ಯಾರಿಗೂ ಅಷ್ಟಾಗಿ ತಕರಾರಿಲ್ಲದ ಹೆಸರು, ಕರ್ನಾಟಕದ 28ರಲ್ಲಿ 16 ಸೀಟು ಗೆಲ್ಲಿಸಿಕೊಟ್ಟ, ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ದೇವೇಗೌಡರದು. ಎಲ್ಲರಿಗೂ ಬೇಕಾದವರು ಅಂತಲ್ಲ, ಯಾರಿಗೂ ಬೇಡವಾಗಿರಲಿಲ್ಲ. ಸಮ್ಮಿಶ್ರ ಸರ್ಕಾರದಲ್ಲಿ ಇದು ಸಣ್ಣ ಅರ್ಹತೆಯಲ್ಲ.

ಅವರು ಆಗ ಸಂಸದರೂ ಆಗಿರಲಿಲ್ಲ, ರಾಮನಗರದ ಶಾಸಕರು. ಆರು ತಿಂಗಳೊಳಗೆ ಸಂಸತ್ತಿಗೆ ಬಂದರೆ ಸಾಕು ಅನ್ನುತ್ತದೆ ನಿಯಮ. ಜೂನ್ 1ಕ್ಕೆ ಪ್ರಧಾನಿಯಾದರು, ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಗೆ ಹೋದರು. ಇಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆದರು.

ತೊಡಕಿದ್ದದ್ದು ಆ ಹೊರಗಿನ ಬೆಂಬಲದಲ್ಲಿ. ಮಂತ್ರಿಗಿರಿ ಇಲ್ಲದವನಿಗೆ ಸರ್ಕಾರ ಬಿದ್ದರೆ ಕಳೆದುಕೊಳ್ಳುವುದೇನು? ಗುತ್ತಿಗೆಗೆ ಕೊಟ್ಟ ಗದ್ದೆಯನ್ನು ಪೈರು ನಿಂತಿರುವಾಗಲೇ ಬಿಡು ಅಂದ ಹಾಗೆ, 1997ರ ಮಾರ್ಚ್ 30ಕ್ಕೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ವಾಪಸ್ ತೆಗೆದುಕೊಂಡರು. ಏಪ್ರಿಲ್ 11ಕ್ಕೆ ಗೌಡರು ವಿಶ್ವಾಸಮತ ಸೋತರು. ತಮಾಷೆ ಅಂದರೆ ರಂಗ ಹಾಗೇ ಉಳಿಯಿತು, ಮುಖ ಮಾತ್ರ ಬದಲಾಯಿತು. ಐ.ಕೆ. ಗುಜ್ರಾಲ್ ಪ್ರಧಾನಿಯಾಗಿ ಬಂದರು, ಅದೇ ಕಾಂಗ್ರೆಸ್ ಅವರಿಗೂ ಹೊರಗಿನಿಂದಲೇ ಬೆಂಬಲ ಕೊಟ್ಟಿತು, ನವೆಂಬರ್‌ನಲ್ಲಿ ಅದನ್ನೂ ಕಿತ್ತುಕೊಂಡಿತು.

ಗೌಡರು ಪ್ರಧಾನಿಯಾದ ಜೂನ್‌ನಲ್ಲೇ ಕರ್ನಾಟಕದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಜನತಾದಳದಿಂದ ಹೊರಹಾಕಿದ್ದರು. ಹೆಗಡೆ ಲೋಕಶಕ್ತಿ ಪಕ್ಷ ಕಟ್ಟಿ ಬಿಜೆಪಿ ಜೊತೆ ಹೋದರು. 1998ರ ಲೋಕಸಭಾ ಚುನಾವಣೆಯಲ್ಲಿ ಆ ಎರಡೂ ಪಕ್ಷ ಸೇರಿ ಕರ್ನಾಟಕದಲ್ಲಿ ಗೆದ್ದದ್ದು, 1996ರಲ್ಲಿ ದಳ ಗೆದ್ದಷ್ಟೇ, ಸರಿಯಾಗಿ 16 ಸೀಟು. ಜನತಾದಳಕ್ಕೆ ಉಳಿದದ್ದು 3, ಅದರಲ್ಲಿ ಒಂದು ಹಾಸನ, ಗೌಡರದ್ದೇ.