ಮುದ್ದೆಯ ಎಸರು ಯಾವ ನೀರಿನದು?

ಚಳ್ಳಕೆರೆ ಸೀಮೆಯ ಒಂದು ಹಳ್ಳಿ. ನೀರಿನ ಫ್ಲೋರೈಡ್ ಮತ್ತು ಹಲ್ಲಿನ ಕಲೆ ಕುರಿತು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಪ್ರಶ್ನಾವಳಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕೂತಿದ್ದಳು. ನಾನು ಸುಮ್ಮನೆ ಜತೆಗೆ ಹೋಗಿದ್ದೆ.

‘ಕುಡಿಯೋಕೆ ಯಾವ ನೀರಜ್ಜಿ?’

‘ಫಿಲ್ಟರ್ ನೀರೇ ಕಣವ್ವ.’

ಟಿಕ್ ಬಿತ್ತು. ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಕುದಿಯುತ್ತಿತ್ತು. ಏನೋ ಹೊಳೆದವಳಂತೆ, ‘ಇದೂ ಫಿಲ್ಟರ್ ನೀರೇನಾ?’ ಅಂದಳು. ಅಜ್ಜಿ ನಕ್ಕುಬಿಟ್ಟರು. ‘ದುಡ್ಡು ಕೊಟ್ಟು ತಂದ ನೀರ್ನಾಗೆ ಯಾರಾನಾ ಮುದ್ದೆ ಮಾಡ್ತಾರೇನವ್ವ? ಅದು ಬೋರ್ ನೀರು.’

ಚಿತ್ರದುರ್ಗ ಜಿಲ್ಲೆಯ ಹಲವೆಡೆ, ಅತ್ತ ಜಗಳೂರಿನ ಕಡೆಗೂ, ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬಂಡೆಯೊಳಗಿನ ಖನಿಜಗಳಿಂದ ಅದು ಕರಗಿ ಬರುತ್ತದೆ. ನೀರು ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ, ಆ ಎಸರನ್ನು ರಾಗಿಹಿಟ್ಟು ಹೀರಿಕೊಳ್ಳುತ್ತದೆ.

ಚಿಕ್ಕಂದಿನಲ್ಲಿ ಫ್ಲೋರೈಡ್ ಅತಿಯಾದರೆ ಹಲ್ಲಿಗೆ ಕಲೆ ಬೀಳುತ್ತದೆ. ಹಾಗಾದರೆ ಆ ಕಲೆ ಎಣಿಸಿದರೆ ಸಾಲದೇ? ಸಾಲದು. ಶಾಶ್ವತ ಹಲ್ಲುಗಳ ಹೊರಕವಚ ರೂಪುಗೊಳ್ಳುವುದು ಬಹುಮಟ್ಟಿಗೆ ಎಂಟು ವರ್ಷದೊಳಗೆ, ಹಲ್ಲು ಇನ್ನೂ ವಸಡಿನಡಿ ಇರುವಾಗ. ಹನ್ನೆರಡರ ಹುಡುಗನ ಹಲ್ಲಿನ ಕಂದು ಕಲೆ ಹೇಳುವುದು ಅವನು ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರಿನ ಕಥೆ. ಮೊನ್ನೆ ಮೊನ್ನೆ ಶುರುವಾದ ಫಿಲ್ಟರ್ ನೀರಿನ ಘಟಕದ ಫಲವನ್ನು ಆ ಹಲ್ಲಿನಲ್ಲಿ ಹುಡುಕಿದರೆ ಸಿಗದು. ಈಗ ಮೈಗೆ ಎಷ್ಟು ಸೇರುತ್ತಿದೆ ಎನ್ನುವುದಕ್ಕೆ ಮೂತ್ರ ಪರೀಕ್ಷೆ ಬೇಕು. ಎಲ್ಲಿಂದ ಸೇರುತ್ತಿದೆ ಎನ್ನುವುದಕ್ಕೆ ಅಜ್ಜಿಯೇ ಬೇಕು.

ಹಳೆಯ ಕಥೆಯೂ ಹೀಗೇ ಇದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಊರವರ ಕಂದು ಹಲ್ಲು ಕಂಡು ಬೆರಗಾದ. ಅಲ್ಲೇ ಹುಟ್ಟಿ ಬೆಳೆದವರಿಗೆ ಕಲೆ, ದೊಡ್ಡವರಾದ ಮೇಲೆ ವಲಸೆ ಬಂದವರಿಗೆ ಇಲ್ಲ. ಯಾರು ಎಲ್ಲಿಯವರು ಎಂದು ವಿಚಾರಿಸುತ್ತಲೇ ಅವನಿಗೆ ನೀರಿನ ಮೇಲೆ ಅನುಮಾನ ಬಂತು. ಫ್ಲೋರೈಡ್ ಕೈಗೆ ಸಿಕ್ಕಿದ್ದು 1931ರಲ್ಲಿ, ಪ್ರಯೋಗಾಲಯದಲ್ಲಿ.

ನಮ್ಮಲ್ಲಿ ತೊಡಕು ಬೇರೆ. ದಂತವೈದ್ಯಕೀಯದ ಗೈಡ್‌ಗೆ ಅಜ್ಜಿಯ ಮಾತು ‘ಡೇಟಾ’ ಅನ್ನಿಸುವುದಿಲ್ಲ, ಸಮಾಜಶಾಸ್ತ್ರದವರಿಗೆ ಮಿಲಿಗ್ರಾಂ ಬೇಡ. ಎರಡು ಮನೆಯ ನೆಂಟ ಉಪವಾಸ ಅಂತಾರಲ್ಲ, ಹಾಗೆ ಈ ಹುಡುಗಿ. ಆದರೂ ಎರಡೂ ಮನೆಯ ಶಿಸ್ತು ಅವಳಿಗೆ ತಪ್ಪದು. ಒಂದೇ ಬಾಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಕಲೆಗೆ ಒಂದೇ ಅಂಕ ಕೊಡುತ್ತಾರೋ ಎಂದು ‘ಕಪ್ಪಾ’ ಲೆಕ್ಕ ಹಾಕಬೇಕು. ಮಾತುಕತೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು; ‘ನೀರ್ನಾಗೆ’ ಅಂದದ್ದನ್ನು ‘ನೀರಿನಲ್ಲಿ’ ಎಂದು ತಿದ್ದಬಾರದು.

ಆ ದಿನ ಪ್ರಶ್ನಾವಳಿಯ ಅಂಚಿನಲ್ಲಿ ಅವಳು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದಳು: ‘ಎಸರಿಗೆ ಯಾವ ನೀರು?’ ಪ್ರಶ್ನೆ ಬದಲಾಯಿತೆಂದರೆ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ, ಮುಗಿಸಿದ ಮನೆಗಳಿಗೆಲ್ಲ ಮತ್ತೊಂದು ಸುತ್ತು. ಅಲ್ಲಿಗೆಲ್ಲ ಅವಳು ಹೋಗಿದ್ದದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ಒಲೆ ಆರಿದ ಮೇಲೆ.