ಯಾವ ಗೊಬ್ಬರ ಹಾಕಿದರೆ ಅಡಿಕೆಯ ಹಳದಿ ಎಲೆ ರೋಗ ಹೋಗುತ್ತೆ?

ಯಾವ ಗೊಬ್ಬರದಿಂದಲೂ ಹೋಗುವುದಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದು ಸೋಗೆ ಹಳದಿಯಾಗತೊಡಗಿದರೆ ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಕೊಡುತ್ತೇನೆ. ಮುಂದಿನ ವರ್ಷ ಪ್ರಶ್ನೆ ಹೊಸ ಗೊಬ್ಬರದ ಹೆಸರು ಹೊತ್ತು ಮತ್ತೆ ಬರುತ್ತದೆ. ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ಇದು ಫೈಟೋಪ್ಲಾಸ್ಮಾ ಎಂಬ ಏಕಕೋಶ ಜೀವಿಯ ಕೆಲಸ. ಬ್ಯಾಕ್ಟೀರಿಯಾಗಳ ಬಳಗವೇ, ಆದರೆ ಕೋಶಕ್ಕೆ ಹೊರಗೋಡೆ ಇಲ್ಲ. ಮರದೊಳಗೆ ಸಕ್ಕರೆ ಸಾಗುವ ನಾಳಗಳಲ್ಲಿ ಸೇರಿಕೊಂಡಿರುತ್ತದೆ. ಇದನ್ನು ಮರದಿಂದ ಮರಕ್ಕೆ ಒಯ್ಯುವುದು ಪ್ರೌಟಿಸ್ಟಾ ಮೀಸ್ಟಾ ಎಂಬ ಪುಟ್ಟ ಜಿಗಿಹುಳ. ರೋಗದ ಮರದ ರಸ ಹೀರಿದಾಗ ಜೀವಿ ಹುಳದ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಜೊಲ್ಲಿನ ಗ್ರಂಥಿ ಸೇರಿ, ಹುಳ ಮುಂದೆ ಚುಚ್ಚಿದ ಮರಕ್ಕೆ ಇಳಿಯುತ್ತದೆ. ಸೊಳ್ಳೆ ಮಲೇರಿಯಾ ಹರಡುವ ಹಾಗೆಯೇ, ಅಲ್ವಾ?

ಹಾಗಾದರೆ "ಮೆಗ್ನೀಷಿಯಂ ಕೊಟ್ಟೆ, ಸುಣ್ಣ ಹಾಕಿದೆ, ಮರ ಹಸಿರಾಯಿತು" ಎನ್ನುವವರು ಸುಳ್ಳು ಹೇಳುತ್ತಾರಾ? ಖಂಡಿತ ಇಲ್ಲ. ಅವರು ಕಂಡದ್ದು ನಿಜ, ಕಾರಣ ಬೇರೆ. ಎಷ್ಟೋ ತೋಟಗಳಲ್ಲಿ ಈ ರೋಗವೇ ಇರುವುದಿಲ್ಲ. ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಪೋಷಕಾಂಶ ಕಮ್ಮಿಯಾದರೂ ಆಗುತ್ತದೆ. ಅಂಥ ಮರ ಆರೈಕೆ ಮಾಡಿದರೆ ಚೇತರಿಸಿಕೊಳ್ಳುತ್ತದೆ. ಇನ್ನು ನಿಜವಾದ ರೋಗದ ಹಳದಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎದ್ದು ಕಾಣುತ್ತದೆ. ಆಮೇಲೆ ಹಳದಿ ಸೋಗೆ ಕಳಚಿ ಬೀಳುತ್ತದೆ, ಸುಳಿಯಿಂದ ಹೊಸದು ಬರುತ್ತದೆ, ಗುಣಪಡಿಸಿದ ಹೆಸರು ಗೊಬ್ಬರಕ್ಕೆ ಹೋಗುತ್ತದೆ. ಚೆನ್ನಾಗಿ ಉಂಡ ಮರ ರೋಗವಿದ್ದೂ ನಾಲ್ಕು ಕಾಯಿ ಜಾಸ್ತಿ ಕೊಡುತ್ತದೆ. ಅದಕ್ಕೇ ಗೊಬ್ಬರ ಹಾಕಿ ಎಂದು ನಾನೂ ಹೇಳುವುದು. ಆದರೆ ಒಳಗಿನ ಜೀವಿ ಅಲ್ಲೇ ಇರುತ್ತದೆ.

ರೋಗದ ಮರವನ್ನು ಸರಿಯಾಗಿ ನೋಡಿ. ಕೆಳಗಿನ ಸೋಗೆಗಳಲ್ಲಿ ಗರಿಗಳ ತುದಿಯಿಂದ ಹಳದಿ ಶುರುವಾಗುತ್ತದೆ. ಹಳದಿಗೂ ಹಸಿರಿಗೂ ನಡುವಿನ ಗಡಿ ಸ್ಪಷ್ಟವಾಗಿರುತ್ತದೆ. ಕಾಯಿ ಉದುರುತ್ತದೆ, ಒಡೆದರೆ ತಿರುಳು ಕಪ್ಪಾಗಿ ಮೆತ್ತಗಿರುತ್ತದೆ. ಬೇರಿನ ತುದಿಯೂ ಕಪ್ಪಾಗುತ್ತದೆ. ಒಂದೇ ಗೊಬ್ಬರ ಉಂಡ ಸಾಲಿನಲ್ಲಿ ಒಂದು ಮರ ಹಳದಿ, ಪಕ್ಕದ್ದು ಹಸಿರು. ಕೊರತೆಯಾಗಿದ್ದರೆ ಹೀಗೆ ಮರ ಆರಿಸಿಕೊಂಡು ಬರುತ್ತಿತ್ತಾ? ಕೇರಳದಲ್ಲಿ 1914ರಲ್ಲೇ ದಾಖಲಾದ ಈ ರೋಗ ನಮ್ಮ ಸಂಪಾಜೆ, ಕೊಪ್ಪ, ಶೃಂಗೇರಿಯ ತೋಟಗಳನ್ನು ಬರಿದು ಮಾಡಿದೆ. ಅಲ್ಲಿನ ಬೆಳೆಗಾರರು ಗೊಬ್ಬರಕ್ಕೆ ಎಂದೂ ಹಿಂದೆ ಮುಂದೆ ನೋಡಿದವರಲ್ಲ.

ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬಗ್ಗೆ ಒಂದೇ ಮಾತು. ಅದು ಕಾಯಿ ಕೊಳೆಯಿಸುವ ಕೊಳೆರೋಗಕ್ಕೆ. ಕಾಯಿಯ ಮೇಲೆ ಹೊಡೆದ ಮೈಲುತುತ್ತು ಮರದ ನಾಳದೊಳಗೆ ಇಳಿಯುವುದಿಲ್ಲ.

ಯಾರೂ ಕೇಳಲಿಲ್ಲ, ಆದರೂ ಶ್ರೀಗಂಧದ ವಿಷಯ ಹೇಳಲೇಬೇಕು. ಕೊಡಗಿನಲ್ಲಿ 1899ರಲ್ಲಿ ಕಂಡ ಸ್ಪೈಕ್ ರೋಗವೂ ಫೈಟೋಪ್ಲಾಸ್ಮಾದ್ದೇ. ಎಷ್ಟೋ ವರ್ಷ ಅದನ್ನು ವೈರಸ್ ಎಂದೇ ನಂಬಿದ್ದರು. 1967ರಲ್ಲಿ ಜಪಾನಿನವರು ಹಿಪ್ಪುನೇರಳೆಯ ಕುಬ್ಜ ರೋಗದಲ್ಲಿ ಈ ಗೋಡೆಯಿಲ್ಲದ ಜೀವಿಯನ್ನು ಕಂಡರು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟಾಗ ಲಕ್ಷಣ ಇಳಿಯಿತು. ವೈರಸ್ ಆಗಿದ್ದರೆ ಇಳಿಯುತ್ತಿರಲಿಲ್ಲ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ, ಅದು ಹೊಡೆಯುವುದೇ ಕೋಶದ ಗೋಡೆಗೆ. ಹಾಗಾದರೆ ಅಡಿಕೆಗೂ ಟೆಟ್ರಾಸೈಕ್ಲಿನ್ ಕೊಡಬಹುದಲ್ಲ? ಅಮೆರಿಕದ ಫ್ಲೋರಿಡಾದಲ್ಲಿ ಇಂಥದೇ ರೋಗ ಬಂದ ತೆಂಗಿಗೆ ನಾಲ್ಕು ತಿಂಗಳಿಗೊಮ್ಮೆ ಕಾಂಡಕ್ಕೆ ಚುಚ್ಚುತ್ತಿದ್ದರು. ನಿಲ್ಲಿಸಿದರೆ ರೋಗ ವಾಪಸ್. ಅಂಗಳದ ಅಂದಕ್ಕೆ ಬೆಳೆಸಿದ ಮರಕ್ಕೆ ಅದು ಸರಿ, ಎಕರೆಗಟ್ಟಲೆ ತೋಟಕ್ಕೆ, ತಿನ್ನುವ ಬೆಳೆಗೆ ಅಲ್ಲ.

ರೋಗ ಹೊಸದಾಗಿ ಕಾಲಿಟ್ಟ ತೋಟವಾದರೆ ರೋಗದ ಮರ ತೆಗೆದುಬಿಡಿ. ರೋಗದ ತೋಟದಿಂದ ಬೀಜದ ಕಾಯಿ ತರಬೇಡಿ. ಸುತ್ತ ಎಲ್ಲ ಹಳದಿಯಾಗಿದ್ದರೂ ವರ್ಷಗಟ್ಟಲೆ ಹಸಿರಾಗಿ ನಿಂತ ಮರವಿದ್ದರೆ ದಯವಿಟ್ಟು ಕಡಿಯಬೇಡಿ. ಗುರುತು ಹಾಕಿ, ದಕ್ಷಿಣ ಕನ್ನಡದ ವಿಟ್ಲದಲ್ಲಿರುವ ಅಡಿಕೆ ಸಂಶೋಧನಾ ಕೇಂದ್ರಕ್ಕೆ ತಿಳಿಸಿ. ರೋಗ ತಡೆಯುವ ತಳಿ ಸಿಗಬೇಕಾದರೆ ಅಂಥ ಮರದಿಂದಲೇ.