ಕೊನೇ ಸಾಲೂ ಓದಿದೆ, ಮತ್ಯಾಕೆ ಟೆಸ್ಟ್?

"ಕೊನೇ ಸಾಲೂ ಓದಿದೆನಲ್ಲ ಡಾಕ್ಟ್ರೇ, ಮತ್ಯಾಕೆ ಇನ್ನೊಂದು ಟೆಸ್ಟ್?" ಅಕ್ಷರದ ಬೋರ್ಡು ಓದಿ ಮುಗಿಸಿದವರಿಂದ, ಕಣ್ಣಿನ ಡಾಕ್ಟರಾದ ನಾನು ಈ ಮಾತು ಕೇಳದ ದಿನವೇ ಇಲ್ಲ. ಬಿಲ್ ಜಾಸ್ತಿ ಮಾಡೋಕೆ ಅಂತ ಕೆಲವರು ಅನುಮಾನ ಪಡುತ್ತಾರೆ. ಪಡಲಿ. ಆದರೆ ಹಾಗೆ ಎದ್ದು ಹೋದವರಲ್ಲಿ ಕೆಲವರು ಐದಾರು ವರ್ಷ ಬಿಟ್ಟು, ಅರ್ಧ ನೋಟ ಕಳೆದುಕೊಂಡು ಬರುತ್ತಾರೆ. ಆಗ ಹೊಟ್ಟೆ ಉರಿಯುತ್ತದೆ.

ಅಕ್ಷರದ ಬೋರ್ಡನ್ನು ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಮಾಡಿದರು. 6/6 ಅಂದರೆ, ಆರೋಗ್ಯವಾಗಿರುವ ಕಣ್ಣು ಆರು ಮೀಟರ್ ದೂರದಿಂದ ಓದುವ ಸಾಲನ್ನು ನೀವೂ ಅಷ್ಟೇ ದೂರದಿಂದ ಓದಿದಿರಿ ಅಂತ. ಓದುವಾಗ ಕೆಲಸ ಮಾಡುವುದು ರೆಟಿನಾದ, ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆಯ, ನಟ್ಟನಡುವಿನ ಸಾಸಿವೆ ಕಾಳಿನಷ್ಟು ಜಾಗ. ಉಳಿದ ರೆಟಿನಾ, ಅದರ ಹಿಂದಿನ ನರ ಹೇಗಿದೆ ಎಂದು ಬೋರ್ಡಿಗೆ ಗೊತ್ತಾಗುವುದಿಲ್ಲ. ಪಡಸಾಲೆಯಲ್ಲಿ ದೀಪ ಉರಿಯುತ್ತಿದೆ ಅಂತ ಹಿತ್ತಲಲ್ಲೂ ಬೆಳಕಿದೆ ಅನ್ನೋಕಾಗುತ್ತಾ?

ಕಣ್ಣಿನ ನರ ಸವೆಯುವ ಕಾಯಿಲೆ ಗ್ಲಾಕೋಮಾ ಸಾಮಾನ್ಯವಾಗಿ ಹಿತ್ತಲಿನಿಂದಲೇ ಬರುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಪಕ್ಕದ ನೋಟ ಹೋಗುತ್ತದೆ. ಹೋದ ಜಾಗವನ್ನು ಮಿದುಳು ತಾನೇ ತೇಪೆ ಹಾಕಿ ಮುಚ್ಚುತ್ತದೆ. ಹಾಗಾಗಿ ಕಪ್ಪು ಕಾಣುವುದೂ ಇಲ್ಲ.

ಹೂ ಕಟ್ಟಿ ಮಾರುವ ಒಬ್ಬ ತಾಯಿ ಬಂದಿದ್ದರು. ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು, ಬೋರ್ಡು ಪೂರ್ತಿ ಓದಿದರು. ಆದರೆ ಬಲಗೈ ಮೊಣಕೈ ಹತ್ತಿರ ಮೂರು ಗಾಯದ ಗುರುತು. ಕೇಳಿದೆ. "ಬಾಗಿಲು ತಗುಲುತ್ತೆ, ವಯಸ್ಸಾಯ್ತಲ್ವಾ" ಅಂದರು. ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್‌ಗೆ ಕೂರಿಸಿದೆವು. ಗದ್ದ ಊರಿ ನಡುವಿನ ದೀಪವನ್ನೇ ನೋಡಬೇಕು, ಪಕ್ಕದಲ್ಲಿ ಚುಕ್ಕೆ ಮಿನುಗಿದಾಗೆಲ್ಲ ಬಟನ್ ಒತ್ತಬೇಕು. ಒಂದಷ್ಟು ಹೊತ್ತು ಬಟನ್ ಸದ್ದೇ ಇಲ್ಲ. "ಮಿಷನ್ ನಿಂತುಹೋಯ್ತಾ?" ಅಂತ ಕೇಳಿದರು. ಚುಕ್ಕೆಗಳು ಮಿನುಗುತ್ತಲೇ ಇದ್ದವು.

"ಹಾಗಾದ್ರೆ ಕಣ್ಣಿನ ಪ್ರೆಶರ್ ಒಂದು ನೋಡಿಬಿಡಿ" ಅನ್ನುವವರೂ ಇದ್ದಾರೆ. ಅದೂ ಸಾಲದು. ಸಾಮಾನ್ಯವಾಗಿ ಪ್ರೆಶರ್ 10ರಿಂದ 21ರೊಳಗೆ ಇರುತ್ತದೆ. 16 ಇದ್ದರೂ ಕೆಲವರಿಗೆ ನರ ಸವೆಯುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳ್ಳಗಿದ್ದರೆ ಮಿಷನ್ ಕಡಿಮೆ ತೋರಿಸಬಹುದು, ದಪ್ಪಗಿದ್ದರೆ ಜಾಸ್ತಿ. ಅದಕ್ಕೇ ಕಾರ್ನಿಯಾದ ದಪ್ಪ ಅಳೆಯುತ್ತೇವೆ, ನರವನ್ನು ಕಣ್ಣಾರೆ ನೋಡುತ್ತೇವೆ. ಎಲ್ಲರಿಗೂ ಎಲ್ಲ ಟೆಸ್ಟ್ ಬೇಕಿಲ್ಲ. ಯಾರಿಗೆ ಯಾವುದು ಅಂತ ಪರೀಕ್ಷೆ ಮಾಡಿದವರೇ ಹೇಳಬೇಕು. ಯಾಕೆ ಅಂತ ನೀವು ಕೇಳಿ, ಧಾರಾಳವಾಗಿ ಕೇಳಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೋಟ 6/6 ಇರುವಾಗಲೇ ರೆಟಿನಾದಲ್ಲಿ ರಕ್ತದ ಚುಕ್ಕೆ ಇರಬಹುದು. ವರ್ಷಕ್ಕೊಮ್ಮೆಯಾದರೂ ರೆಟಿನಾ ಪರೀಕ್ಷೆ ಮಾಡಿಸಿ. ಅದಕ್ಕಾಗಿ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಮಂಜು ಇರುತ್ತದೆ ಅಂತ ಸುಮ್ನೆ ಮುಂದೂಡಬೇಡಿ.

ಆ ತಾಯಿಗೆ ಹೋದ ನೋಟ ವಾಪಸ್ ತರಲು ಆಗಲಿಲ್ಲ. ಉಳಿದದ್ದನ್ನು ಕಾಯಲು ದಿನಾ ರಾತ್ರಿ ಪ್ರೆಶರ್ ಇಳಿಸುವ ಡ್ರಾಪ್ಸ್ ಹಾಕುತ್ತಿದ್ದಾರೆ. ಒಡಹುಟ್ಟಿದವರಿಗೂ ಗ್ಲಾಕೋಮಾ ಇರಬಹುದು ಅಂತ ಹೇಳಿದ್ದೆ. ಮುಂದಿನ ವಾರ ತಮ್ಮನನ್ನು ಕರೆದುಕೊಂಡು ಬಂದರು. ಅವರೂ ಕೊನೇ ಸಾಲಿನವರೆಗೆ ಓದಿ, ಚಪ್ಪಲಿ ಹುಡುಕಲು ಎದ್ದರು. ಅಕ್ಕ ಭುಜ ಹಿಡಿದು ಕೂರಿಸಿದರು.